ಗೋ ಲ್ಯಾಂಗ್ವೇಜಲ್ಲಿ ಪದೇ ಪದೇ ಆಗೋ ತಪ್ಪುಗಳು: ಕಂಪೈಲ್ ಆಯ್ತು ಅಂತ ಖುಷಿ ಪಡೋಕೆ ಮುಂಚೆ ನೋಡ್ಕೋಬೇಕಾದ್ದು

ಗೋ ಕಲಿಯೋಕೆ ಸುಲಭ ಅಂತ ಎಲ್ರೂ ಹೇಳ್ತಾರೆ, ಅದೇನು ಸುಳ್ಳಲ್ಲ. ಕೀವರ್ಡ್ ಇರೋದೇ 25, ಬೇರೆ ಯಾವ್ದಾದ್ರೂ ಲ್ಯಾಂಗ್ವೇಜ್ ಬರ್ತಿದ್ರೆ ಸಿಂಟ್ಯಾಕ್ಸ್ ಬೇಗ ಕೈಗೆ ಹತ್ತತ್ತೆ. ತೊಂದ್ರೆ ಶುರುವಾಗೋದೂ ಅಲ್ಲಿಂದಾನೇ. ಬಳಸದೇ ಬಿಟ್ಟ ವೇರಿಯಬಲ್ ಒಂದಿದ್ರೂ, ಬೇಡದ ಇಂಪೋರ್ಟ್ ಒಂದಿದ್ರೂ ಕಂಪೈಲರ್ ಬಿಡಲ್ಲ, ಅಷ್ಟೊಂದು ಸ್ಟ್ರಿಕ್ಟ್ ಆಗಿರೋದ್ರಿಂದ ಬಿಲ್ಡ್ ಪಾಸ್ ಆದ್ರೆ ಎಲ್ಲಾ ಸರಿ ಇದೆ ಅನ್ನೋ ಧೈರ್ಯ ಬಂದ್ಬಿಡತ್ತೆ. ಆದ್ರೆ ಗೋ ಕೋಡಲ್ಲಿ ನಿಜವಾಗ್ಲೂ ಕಾಟ ಕೊಡೋ ಬಗ್‌ಗಳು ಕಂಪೈಲರ್ ಕಣ್ಣಿಗೆ ಬೀಳೋ ಜಾತಿಯವಲ್ಲ.

ಈ ಬಗ್‌ಗಳಲ್ಲಿ ಬಹುಪಾಲು ಎರಡೇ ಪ್ರಶ್ನೆ ಕೇಳದೇ ಬಿಟ್ಟಿದ್ರಿಂದ ಬಂದಿರತ್ತೆ. ಒಂದು, ನಾನೀಗ ಮುಟ್ತಿರೋದು ಕಾಪಿನಾ ಅಥವಾ ಇನ್ನೊಬ್ರ ಜೊತೆ ಹಂಚ್ಕೊಂಡಿರೋ ಡೇಟಾನಾ? ಎರಡು, ನಾನೀಗ ಶುರು ಮಾಡಿದ್ದನ್ನ ಮುಗಿಸೋದು ಯಾರು? ಕೆಳಗಿನ ಹಂತಗಳಲ್ಲಿ ಬರೋ ಉದಾಹರಣೆಗಳನ್ನ ಓದ್ವಾಗ ಈ ಎರಡು ಪ್ರಶ್ನೆ ತಲೇಲಿ ಇಟ್ಕೊಂಡಿರಿ.

ಹಂತ 1: ಕೋಡ್ ಬರೆಯೋ ಮೊದ್ಲು ಟೂಲ್ಸ್ ಸೆಟ್ ಮಾಡ್ಕೊಳ್ಳಿ

ಗೋ ಜೊತೆ ಬರೋ "ಗೋ ವೆಟ್" ಕಮಾಂಡನ್ನ ಸಿಐನಲ್ಲಿ, ಅಂದ್ರೆ ಕೋಡ್ ಸೇರಿಸಿದಾಗಲೆಲ್ಲ ತಾನಾಗೇ ಬಿಲ್ಡ್, ಟೆಸ್ಟ್ ಓಡಿಸೋ ವ್ಯವಸ್ಥೇಲಿ, ಕಡ್ಡಾಯ ಮಾಡಿ. ಪ್ರಿಂಟ್‌ಎಫ್ ಫಾರ್ಮ್ಯಾಟ್‌ಗೂ ಕೊಟ್ಟ ವ್ಯಾಲ್ಯೂಗೂ ತಾಳೆ ಆಗದೇ ಇರೋದು, ಮ್ಯೂಟೆಕ್ಸನ್ನ (ಒಂದ್ಸಲಕ್ಕೆ ಒಬ್ರೇ ಡೇಟಾ ಮುಟ್ಟೋ ಹಾಗೆ ಮಾಡೋ ಲಾಕ್) ಕಾಪಿ ಮಾಡಿರೋದು, ಕಾಂಟೆಕ್ಸ್ಟ್‌ನ (ಕೆಲಸ ನಿಲ್ಲಿಸು ಅನ್ನೋ ಸುದ್ದಿ ದಾಟಿಸೋ ವ್ಯಾಲ್ಯೂ) ಕ್ಯಾನ್ಸಲ್ ಫಂಕ್ಷನ್ ಕರೆಯದೇ ಬಿಟ್ಟಿರೋದು, ಇವನ್ನೆಲ್ಲ ಅದು ಹಿಡಿಯತ್ತೆ. "ಗೋ ಟೆಸ್ಟ್" ಓಡಿಸಿದ್ರೆ ವೆಟ್ಟೂ ಓಡತ್ತಲ್ಲ ಅಂತ ಕೆಲವರು ಅಂದ್ಕೊಂಡಿರ್ತಾರೆ, ಓಡತ್ತೆ ಆದ್ರೆ ವೆಟ್‌ನ ಕೆಲವೇ ಚೆಕ್‌ಗಳು ಮಾತ್ರ, ಮ್ಯೂಟೆಕ್ಸ್ ಕಾಪಿ ಅದ್ರಲ್ಲಿ ಇಲ್ಲ. ಹಾಗಾಗಿ ಬೇರೆಯಾಗೇ ಓಡಿಸ್ಬೇಕು. ಇದರ ಮೇಲೆ ಸ್ಟ್ಯಾಟಿಕ್‌ಚೆಕ್, ಎರ್‌ಚೆಕ್ ಅನ್ನೋ ಲಿಂಟರ್‌ಗಳು (ಕೋಡ್ ಓಡಿಸದೇ ತಪ್ಪು ಹುಡುಕೋ ಟೂಲ್‌ಗಳು) ಎರಡೂ ಇದ್ರೆ ಒಳ್ಳೇದು, ಗೋಲಾಂಗ್‌ಸಿಐ ಲಿಂಟ್ ಹಾಕ್ಕೊಂಡ್ರೆ ಎಲ್ಲಾ ಒಂದೇ ಕಮಾಂಡಲ್ಲಿ ಬರತ್ತೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ರೇಸ್ ಡಿಟೆಕ್ಟರ್. ಲಾಕ್ ಇಲ್ಲದೇ ಎರಡು ಕಡೆಯಿಂದ ಒಂದೇ ಡೇಟಾನ ಒಟ್ಟಿಗೆ ಮುಟ್ತಾ, ಒಬ್ರಾದ್ರೂ ಬರೀತಿದ್ರೆ ಅದೇ ರೇಸ್. ಟೆಸ್ಟ್ ಓಡಿಸ್ವಾಗ ರೇಸ್ ಫ್ಲ್ಯಾಗ್ ಹಾಕಿದ್ರೆ ಸಾಕು. ಮೆಮೊರಿ 5ರಿಂದ 10 ಪಟ್ಟು ತಿನ್ನತ್ತೆ, ವೇಗ 2ರಿಂದ 20 ಪಟ್ಟು ಕಮ್ಮಿ ಆಗ್ಬಹುದು, ಅದಕ್ಕೇ ಪ್ರೊಡಕ್ಷನ್‌ನಲ್ಲಿ ಯಾರೂ ಸದಾ ಆನ್ ಮಾಡಿಟ್ಟಿರಲ್ಲ. ಒಂದು ವಿಷ್ಯ ಮರೀಬೇಡಿ, ಇದು ನಿಜವಾಗಿ ಓಡಿದ ಕೋಡಲ್ಲಿ ಕಣ್ಣೆದುರಿಗೆ ನಡೆದ ರೇಸನ್ನ ಮಾತ್ರ ಹೇಳತ್ತೆ. ಟೆಸ್ಟ್‌ಗಳೆಲ್ಲ ಒಂದೇ ಗೋರೂಟೀನ್‌ನಲ್ಲಿ (ಬೇರೆ ಕೆಲಸಗಳ ಜೊತೆಜೊತೆಗೇ ಓಡೋ ಹಗುರ ಥ್ರೆಡ್) ಸೀದಾ ಸೀದಾ ಓಡ್ತಿದ್ರೆ ಡಿಟೆಕ್ಟರ್ ಸುಮ್ನಿರತ್ತೆ, ನೀವು ಕೋಡ್ ಸೇಫ್ ಅಂದ್ಕೋತೀರಿ.

ಹಂತ 2: ಗೋ ಮಾಡ್ ಫೈಲಲ್ಲಿರೋ ವರ್ಶನ್ ಸಾಲನ್ನ ತೆಗ್ದು ನೋಡಿ

ಗೋ ಬಗ್ಗೆ ಬರೆದ ಹಳೇ ಲೇಖನ ಯಾವ್ದನ್ನ ತೆಗೆದ್ರೂ ಮೊದಲನೇ ತಪ್ಪು ಅಂತ ಲೂಪ್ ವೇರಿಯಬಲ್ ಕಥೆ ಇರತ್ತೆ. ಲೂಪ್ ಒಳಗೆ ಗೋರೂಟೀನ್ ಶುರು ಮಾಡಿ ಅದರೊಳಗೆ ಲೂಪ್ ವೇರಿಯಬಲ್ ಬಳಸಿದ್ರೆ ಸಾಮಾನ್ಯವಾಗಿ ಎಲ್ಲಾ ಗೋರೂಟೀನ್‌ಗಳೂ ಕೊನೇ ವ್ಯಾಲ್ಯೂನೇ ಪ್ರಿಂಟ್ ಮಾಡ್ತಿದ್ವು, ಯಾಕಂದ್ರೆ ಇಡೀ ಲೂಪಿಗೆ ಒಂದೇ ವೇರಿಯಬಲ್ ಇತ್ತು, ಎಲ್ರೂ ಅದನ್ನೇ ಹಂಚ್ಕೊಂಡಿದ್ರು. 2024ರ ಫೆಬ್ರವರಿಯಲ್ಲಿ ಬಂದ ಗೋ 1.22 ಇದನ್ನ ಸರಿ ಮಾಡ್ತು, ಈಗ ಪ್ರತಿ ಸುತ್ತಿಗೂ ಹೊಸ ವೇರಿಯಬಲ್.

ಇಲ್ಲೊಂದು ತಿರುವಿದೆ. ಹೊಸ ನಡವಳಿಕೆ ಸಿಗೋದು ನಿಮ್ಮ ಮಷೀನಲ್ಲಿ ಯಾವ ಗೋ ಇನ್‌ಸ್ಟಾಲ್ ಆಗಿದೆ ಅನ್ನೋದ್ರ ಮೇಲಲ್ಲ, ಮಾಡ್ಯೂಲಿನ, ಅಂದ್ರೆ ನಿಮ್ಮ ಪ್ರಾಜೆಕ್ಟಿನ, ಗೋ ಮಾಡ್ ಫೈಲಲ್ಲಿ ಗೋ ಅಂತ ಶುರುವಾಗೋ ಸಾಲಲ್ಲಿ ಎಷ್ಟು ಬರೆದಿದೆ ಅನ್ನೋದ್ರ ಮೇಲೆ. ಅಲ್ಲಿ 1.20 ಅಂತ ಇದ್ರೆ, ನೀವು 1.24 ಹಾಕ್ಕೊಂಡಿದ್ರೂ ಲೂಪ್ ಹಳೇ ರೀತೀಲೇ ನಡೆಯತ್ತೆ. ಹಳೇ ಕೋಡ್ ಮುರೀಬಾರ್ದು ಅಂತ ಬೇಕಂತಲೇ ಹಾಗೆ ಮಾಡಿದ್ದಾರೆ, ಒಳ್ಳೇ ನಿರ್ಧಾರಾನೇ, ಆದ್ರೆ ಗೊತ್ತಿಲ್ದೋರು ಅರ್ಧ ದಿನ ಕೂತು ತಲೆ ಕೆಡಿಸ್ಕೋತಾರೆ.

1.22 ಬಂದ್ಮೇಲೂ ಹೋಗದೇ ಇರೋದು ಇನ್ನೊಂದಿದೆ. ರೇಂಜ್ ಲೂಪ್‌ನಲ್ಲಿ ಸಿಗೋ ಎರಡನೇ ವ್ಯಾಲ್ಯೂ ಎಲಿಮೆಂಟಿನ ಕಾಪಿ. ಸ್ಟ್ರಕ್ಟ್‌ಗಳ ಸ್ಲೈಸ್ (ಉದ್ದ ಬದಲಾಗಬಲ್ಲ ಪಟ್ಟಿ) ಮೇಲೆ ಲೂಪ್ ಹಾಕಿ ಆ ವೇರಿಯಬಲ್‌ನ ಫೀಲ್ಡ್ ಬದಲಾಯಿಸಿದ್ರೆ ಬದಲಾಗೋದು ಕಾಪಿ, ಸ್ಲೈಸ್ ಹಾಗೇ ಇರತ್ತೆ. ಇಂಡೆಕ್ಸ್ ಹಿಡ್ಕೊಂಡು ಬದಲಾಯಿಸಿ, ಇಲ್ಲಾ ಪಾಯಿಂಟರ್‌ಗಳ ಸ್ಲೈಸ್ ಇಟ್ಕೊಳ್ಳಿ. ಮೆಥಡ್‌ಗಳಿಗೂ ಇದೇ ಮಾತು, ರಿಸೀವರ್ (ಮೆಥಡ್ ಯಾವ್ದರ ಮೇಲೆ ಓಡತ್ತೋ ಅದು) ಪಾಯಿಂಟರ್ ಅಲ್ಲದೇ ಬರೀ ವ್ಯಾಲ್ಯೂ ಆಗಿದ್ರೆ ಒಳಗೆ ಫೀಲ್ಡಿಗೆ ಏನೇ ಅಸೈನ್ ಮಾಡಿದ್ರೂ ಹೊರಗೆ ಕಾಣಲ್ಲ.

ಹಂತ 3: ಸ್ಲೈಸ್ ಒಳಗೆ ಏನಿದೆ ಅಂತ ಒಂದ್ಸಲ ಕೂತು ಅರ್ಥ ಮಾಡ್ಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕಂದ್ರೆ ಗೋನಲ್ಲಿ ಅತಿ ಹೆಚ್ಚು ದಾರಿ ತಪ್ಪಿಸೋದು ಸ್ಲೈಸೇ. ಸ್ಲೈಸ್ ಅಂದ್ರೆ ಡೇಟಾ ಅಲ್ಲ, ಡೇಟಾ ಕಡೆ ನೋಡ್ತಿರೋ ಒಂದು ಚಿಕ್ಕ ಹೆಡರ್. ಅದರಲ್ಲಿ ಮೂರೇ ಸಂಗತಿ: ಹಿಂದಿರೋ ಅರೇಗೆ ಪಾಯಿಂಟರ್, ಲೆನ್ತ್, ಕೆಪಾಸಿಟಿ. ಫಂಕ್ಷನ್‌ಗೆ ಸ್ಲೈಸ್ ಕೊಟ್ರೆ ಕಾಪಿ ಆಗೋದು ಈ ಹೆಡರ್, ಹಿಂದಿನ ಅರೇ ಹಂಚಿಕೆ. ಅದಕ್ಕೇ ಫಂಕ್ಷನ್ ಒಳಗೆ ಎಲಿಮೆಂಟ್ ಬದಲಾಯಿಸಿದ್ರೆ ಕರೆದವನಿಗೆ ಕಾಣತ್ತೆ, ಅಪೆಂಡ್ ಮಾಡಿದ್ರೆ ಕಾಣಲ್ಲ, ಅಪೆಂಡ್ ಮಾಡಿದ್ದನ್ನ ರಿಟರ್ನ್ ಮಾಡ್ಲೇಬೇಕು.

ಈಗ ನಿಜವಾದ ಫಜೀತಿ. ಒಂದು ಸ್ಲೈಸಲ್ಲಿ 1, 2, 3, 4, 5 ಇದೆ ಅಂತಿಟ್ಕೊಳ್ಳಿ. ಅದರಲ್ಲಿ ಮೊದಲ ಎರಡನ್ನ ಕತ್ತರಿಸಿ, ಅಂದ್ರೆ [0:2] ಅಂತ ಹಾಕಿ, ಇನ್ನೊಂದು ಸ್ಲೈಸ್ ಮಾಡಿದ್ರಿ. ಅದಕ್ಕೆ 99 ಅಪೆಂಡ್ ಮಾಡಿದ್ರಿ. ಎರಡನೇ ಸ್ಲೈಸಲ್ಲಿ 1, 2, 99 ಬಂತು, ಸರಿ. ಮೊದಲನೇದನ್ನ ಪ್ರಿಂಟ್ ಮಾಡಿ ನೋಡಿದ್ರೆ 1, 2, 99, 4, 5! ಯಾಕಂದ್ರೆ ಕತ್ತರಿಸಿದ ಸ್ಲೈಸಿನ ಲೆನ್ತ್ 2 ಆದ್ರೂ ಕೆಪಾಸಿಟಿ ಇನ್ನೂ 5, ಜಾಗ ಇದೆಯಲ್ಲ ಅಂತ ಅಪೆಂಡ್ ಹಳೇ ಅರೇ ಮೇಲೇ ಬರೆದ್ಬಿಡ್ತು. ಇನ್ನೂ ಕೆಟ್ಟದ್ದೇನಪ್ಪಾ ಅಂದ್ರೆ, ಕೆಪಾಸಿಟಿ ತುಂಬಿದ್ದಿದ್ರೆ ಅಪೆಂಡ್ ಹೊಸ ಅರೇ ಮಾಡ್ಕೊಂಡು ಹಳೇದನ್ನ ಮುಟ್ತಾನೇ ಇರ್ಲಿಲ್ಲ. ಅಂದ್ರೆ ಅದೇ ಕೋಡ್ ಒಂದು ಇನ್‌ಪುಟ್‌ಗೆ ಸರಿ, ಇನ್ನೊಂದಕ್ಕೆ ತಪ್ಪು.

ಪರಿಹಾರ ಎರಡಿದೆ. ಕತ್ತರಿಸುವಾಗ್ಲೇ ಮೂರನೇ ನಂಬರ್ ಕೊಟ್ಟು [0:2:2] ಅಂದ್ರೆ ಕೆಪಾಸಿಟಿನೂ 2ಕ್ಕೆ ನಿಲ್ಲತ್ತೆ, ಮುಂದಿನ ಅಪೆಂಡ್ ಹೊಸ ಅರೇಗೆ ಹೋಗ್ಲೇಬೇಕು. ಅಥವಾ 1.21ರಿಂದ ಸ್ಟ್ಯಾಂಡರ್ಡ್ ಲೈಬ್ರರೀಲಿರೋ ಸ್ಲೈಸಸ್ ಪ್ಯಾಕೇಜಿನ ಕ್ಲೋನ್ ಬಳಸಿ. ನನ್ನ ಕೇಳಿದ್ರೆ, ಪರ್ಫಾರ್ಮೆನ್ಸ್ ಬಗ್ಗೆ ತೀರಾ ತಲೆ ಕೆಡಿಸ್ಕೋಬೇಕಾದ ಜಾಗ ಅಲ್ಲ ಅಂದ್ರೆ ಕ್ಲೋನೇ ವಾಸಿ, ಓದೋರಿಗೆ ಉದ್ದೇಶ ತಕ್ಷಣ ಗೊತ್ತಾಗತ್ತೆ.

ಕ್ಲೋನ್ ಬೇಕಾಗೋ ಇನ್ನೊಂದು ಸಂದರ್ಭ, ದೊಡ್ಡ ಫೈಲನ್ನ ಪೂರ್ತಿ ಓದಿ ಅದರ ಮೊದಲ ಹತ್ತು ಬೈಟ್ ಮಾತ್ರ ಎಲ್ಲೋ ಕ್ಯಾಶ್‌ನಲ್ಲಿ ಇಟ್ಕೊಳ್ಳೋದು. ಆ ಹತ್ತು ಬೈಟಿನ ಸ್ಲೈಸ್ ಬದುಕಿರೋ ತನಕ ಹಿಂದಿನ ಇಡೀ ಅರೇನ ಗಾರ್ಬೇಜ್ ಕಲೆಕ್ಟರ್ ಮುಟ್ಟಲ್ಲ.

ಮ್ಯಾಪ್ ವಿಷ್ಯಕ್ಕೆ ಬಂದ್ರೆ, ಬರೀ ಡಿಕ್ಲೇರ್ ಮಾಡಿಟ್ಟ ಮ್ಯಾಪ್ ನಿಲ್, ಅಂದ್ರೆ ಏನೂ ಇಲ್ಲದ್ದು, ಆಗಿರತ್ತೆ, ಅದರಿಂದ ಓದ್ಬಹುದು, ಬರೆಯೋಕೆ ಹೋದ್ರೆ ಪ್ಯಾನಿಕ್, ಯಾರೂ ಹಿಡೀದಿದ್ರೆ ಪ್ರೋಗ್ರಾಮ್ ಅಲ್ಲೇ ಬೀಳತ್ತೆ. ಮೇಕ್ ಹಾಕಿ ಶುರು ಮಾಡಿ. ಇಲ್ಲದ ಕೀ ಕೇಳಿದ್ರೆ ಎರರ್ ಬರಲ್ಲ, ಸೊನ್ನೆಯೋ ಖಾಲಿ ಸ್ಟ್ರಿಂಗೋ ಬರತ್ತೆ, ಕೀ ಇದೆಯೋ ಇಲ್ವೋ ಮುಖ್ಯ ಆಗಿದ್ರೆ ಎರಡನೇ ಬೂಲಿಯನ್ ವ್ಯಾಲ್ಯೂನೂ ತಗೊಳ್ಳಿ. ಲೂಪ್ ಹಾಕಿದ್ರೆ ಆರ್ಡರ್ ಬೇಕಂತಲೇ ಬದಲಾಗ್ತಿರತ್ತೆ, ಅದನ್ನ ನಂಬಿ ಟೆಸ್ಟ್ ಬರೆದ್ರೆ ಒಂದಿನ ಪಾಸ್ ಒಂದಿನ ಫೇಲ್. ಮತ್ತೆ ಎರಡು ಗೋರೂಟೀನ್ ಲಾಕ್ ಇಲ್ಲದೇ ಒಂದೇ ಮ್ಯಾಪಿಗೆ ಬರೆಯೋದನ್ನ ರನ್‌ಟೈಮ್ ಹಿಡಿದ್ರೆ ಇಡೀ ಪ್ರೋಗ್ರಾಮನ್ನೇ ನಿಲ್ಲಿಸತ್ತೆ. ಅದು ಮಾಮೂಲಿ ಪ್ಯಾನಿಕ್ ಅಲ್ಲ, ಪ್ಯಾನಿಕ್ ಹಿಡಿಯೋ ರಿಕವರ್ ಹಾಕಿದ್ರೂ ಹಿಡಿಯೋಕಾಗಲ್ಲ.

ಹಂತ 4: ಎರರ್‌ಗಳನ್ನ ನುಂಗಬೇಡಿ, ಮುಚ್ಚಿಡಬೇಡಿ

ಅಂಡರ್‌ಸ್ಕೋರ್ ಹಾಕಿ ಎರರ್ ಬಿಸಾಕೋದು ತಪ್ಪು ಅಂತ ಎಲ್ರಿಗೂ ಗೊತ್ತು, ಅದರ ಬಗ್ಗೆ ಮಾತು ಬೇಡ. ಗೊತ್ತಾಗದೇ ಆಗೋದು ಶ್ಯಾಡೋಯಿಂಗ್. ಫಂಕ್ಷನ್ ಮೇಲ್ಗಡೆ ಎರ್ ಅನ್ನೋ ವೇರಿಯಬಲ್ ಇದೆ, ಒಳಗೊಂದು ಇಫ್ ಬ್ಲಾಕಲ್ಲಿ ಇನ್ನೊಂದು ಫಂಕ್ಷನ್ ಕರೆದು ರಿಸಲ್ಟ್‌ನೂ ಎರ್‌ನೂ := ಹಾಕಿ ತಗೊಂಡ್ರಿ. ಒಳಗೆ ಹೊಸ ಎರ್ ಹುಟ್ಕೊಳ್ತು. ಬ್ಲಾಕ್ ಮುಗಿದ್ಮೇಲೆ ಹೊರಗಿನ ಎರ್ ನಿಲ್ಲಾಗೇ ಇದೆ, ಕೊನೇಲಿ ಅದನ್ನೇ ರಿಟರ್ನ್ ಮಾಡಿದ್ರಿ, ಕರೆದವನು ಎಲ್ಲಾ ಸುಸೂತ್ರ ಅಂದ್ಕೊಂಡ. ಒಳಗಿನ ಎರ್‌ನ ಎಲ್ಲೋ ಒಂದು ಕಡೆ ಲಾಗ್ ಮಾಡಿದ್ರೂ ಸಾಕು, ಬಳಕೆ ಆಗಿದೆಯಲ್ಲ ಅಂತ ಕಂಪೈಲರ್ ಸುಮ್ನಾಗತ್ತೆ. ವೆಟ್ಟೂ ಡೀಫಾಲ್ಟ್ ಆಗಿ ಇದನ್ನ ನೋಡಲ್ಲ, ಶ್ಯಾಡೋ ಅನಲೈಜರ್ ಬೇರೆಯಾಗಿ ಆನ್ ಮಾಡ್ಬೇಕು. ಒಳಗಿನ ಬ್ಲಾಕಲ್ಲಿ ರಿಸಲ್ಟ್‌ನ ವೇರಿಯಬಲ್ ಮಾತ್ರ ಮೊದ್ಲೇ ಡಿಕ್ಲೇರ್ ಮಾಡಿ, ಹೊರಗಿನ ಎರ್‌ಗೇ ಹೋಗೋ ಹಾಗೆ ಬರೀ = ಬಳಸೋದು ಸೀದಾ ದಾರಿ.

ಎರರನ್ನ ಮೇಲಕ್ಕೆ ಕಳಿಸ್ವಾಗ ಎಲ್ಲಿ ಏನು ಮಾಡ್ತಿದ್ದಾಗ ಆಯ್ತು ಅಂತ ಸೇರಿಸಿ ಕಳಿಸಿ, ಪ್ರಿಂಟ್‌ಎಫ್ ಥರದ ಎರರ್‌ಎಫ್‌ನಲ್ಲಿ ಪರ್ಸೆಂಟ್ ಡಬ್ಲ್ಯೂ ಹಾಕಿದ್ರೆ ಮೂಲ ಎರರ್ ಒಳಗೆ ಉಳಿಯತ್ತೆ, ಇದು 1.13ರಿಂದ ಇದೆ. ಪರ್ಸೆಂಟ್ ವಿ ಹಾಕಿದ್ರೆ ಬರೀ ಅಕ್ಷರ ಉಳಿಯತ್ತೆ, ಆಮೇಲೆ ಯಾವ ಎರರ್ ಅಂತ ಗುರುತಿಸೋಕೆ ಆಗಲ್ಲ. ಹೋಲಿಸೋವಾಗ == ಬೇಡ, ಸುತ್ತಿದ ಎರರ್ ಇದ್ರೆ ಮ್ಯಾಚ್ ಆಗಲ್ಲ, ಎರರ್ಸ್ ಪ್ಯಾಕೇಜಿನ ಈಸ್, ಆ್ಯಸ್ ಬಳಸಿ. ಮತ್ತೆ ದಯವಿಟ್ಟು ಪ್ರತಿ ಲೆವೆಲಲ್ಲೂ ಲಾಗ್ ಮಾಡಿ ರಿಟರ್ನೂ ಮಾಡಬೇಡಿ, ಒಂದೇ ಸಮಸ್ಯೆ ಲಾಗಲ್ಲಿ ಐದು ಸಲ ಬಂದು ಐದು ಸಮಸ್ಯೆ ಥರ ಕಾಣತ್ತೆ.

ಇನ್ನು ನಿಲ್ ಅಲ್ಲದ ನಿಲ್. ನೀವೊಂದು ಸ್ವಂತ ಎರರ್ ಟೈಪ್ ಮಾಡಿದ್ದೀರಿ. ಫಂಕ್ಷನ್ ಎರರ್ ಇಂಟರ್‌ಫೇಸ್ ರಿಟರ್ನ್ ಮಾಡತ್ತೆ, ಒಳಗೆ ನಿಮ್ಮ ಟೈಪಿನ ಪಾಯಿಂಟರ್ ಡಿಕ್ಲೇರ್ ಮಾಡಿ, ತಪ್ಪಾದ್ರೆ ತುಂಬಿಸಿ, ಕೊನೇಲಿ ಆ ಪಾಯಿಂಟರನ್ನೇ ರಿಟರ್ನ್ ಮಾಡ್ತೀರಿ. ತಪ್ಪೇನೂ ಆಗ್ಲಿಲ್ಲ, ಪಾಯಿಂಟರ್ ನಿಲ್ಲೇ, ಆದ್ರೂ ಕರೆದ ಕಡೆ ಎರ್ ನಿಲ್ ಅಲ್ಲ ಅಂತ ಬರತ್ತೆ! ಕಾರಣ ಇಷ್ಟೇ, ಇಂಟರ್‌ಫೇಸ್ ವ್ಯಾಲ್ಯೂ ಒಳಗೆ ಟೈಪ್ ಒಂದು, ವ್ಯಾಲ್ಯೂ ಒಂದು ಇರತ್ತೆ, ಎರಡೂ ಖಾಲಿ ಇದ್ರೆ ಮಾತ್ರ ಅದು ನಿಲ್. ಇಲ್ಲಿ ವ್ಯಾಲ್ಯೂ ಖಾಲಿ, ಟೈಪ್ ತುಂಬಿದೆ. ತಪ್ಪಿಲ್ಲದ ದಾರೀಲಿ ನಿಲ್ ಅನ್ನೋ ಪದಾನೇ ನೇರವಾಗಿ ರಿಟರ್ನ್ ಮಾಡಿ, ಟೈಪ್ ಇರೋ ಪಾಯಿಂಟರನ್ನ ಎರರ್ ಜಾಗದಲ್ಲಿ ಸುಮ್ನೆ ದಾಟಿಸಬೇಡಿ.

ಹಂತ 5: ಗೋರೂಟೀನ್ ಶುರು ಮಾಡೋ ಮುಂಚೆ ಅದು ಹೇಗೆ ಮುಗಿಯತ್ತೆ ಅಂತ ಹೇಳೋಕೆ ಬರಬೇಕು

ಗೋರೂಟೀನ್ ಶುರು ಮಾಡೋದು ಎಷ್ಟು ಸುಲಭ ಅಂದ್ರೆ ಜನ ಯೋಚ್ನೆ ಮಾಡದೇ ಮಾಡ್ತಾರೆ. ಹೊರಗಿಂದ ಅದನ್ನ ಕೊಲ್ಲೋ ದಾರಿ ಗೋನಲ್ಲಿ ಇಲ್ಲವೇ ಇಲ್ಲ, ತಾನಾಗೇ ಮುಗೀಬೇಕು. ತುಂಬಾ ಕಡೆ ಕಾಣೋ ಲೀಕ್ ಹೀಗಿರತ್ತೆ: ಫಂಕ್ಷನ್ ಒಂದು ಬಫರ್ ಇಲ್ಲದ ಚಾನೆಲ್ (ಗೋರೂಟೀನ್‌ಗಳು ಡೇಟಾ ದಾಟಿಸೋ ಕೊಳವೆ, ಬಫರ್ ಇಲ್ಲಾಂದ್ರೆ ತಗೊಳ್ಳೋರು ಬರೋ ತನಕ ಕಳಿಸೋನು ಕಾಯ್ಬೇಕು) ಮಾಡತ್ತೆ, ಗೋರೂಟೀನ್ ಒಳಗೆ ನಿಧಾನದ ಕೆಲಸ ಮಾಡಿಸಿ ರಿಸಲ್ಟನ್ನ ಚಾನೆಲ್‌ಗೆ ಕಳಿಸತ್ತೆ, ಹೊರಗೆ ಸೆಲೆಕ್ಟ್ ಹಾಕಿ ರಿಸಲ್ಟಿಗೋ ಟೈಮೌಟಿಗೋ ಕಾಯತ್ತೆ. ಟೈಮೌಟ್ ಮೊದ್ಲು ಬಂದ್ರೆ ಫಂಕ್ಷನ್ ರಿಟರ್ನ್ ಆಗಿ ಹೋಯ್ತು, ಈಗ ಚಾನೆಲಿಂದ ತಗೊಳ್ಳೋರು ಯಾರೂ ಇಲ್ಲ, ಪಾಪ ಆ ಗೋರೂಟೀನ್ ಕಳಿಸೋ ಸಾಲಲ್ಲೇ ಪ್ರೋಗ್ರಾಮ್ ಸಾಯೋ ತನಕ ನಿಂತಿರತ್ತೆ. ಸರ್ವರ್ ನಿಧಾನ ಆದಾಗ ಟೈಮೌಟ್ ಜಾಸ್ತಿ, ಟೈಮೌಟ್ ಜಾಸ್ತಿ ಆದ್ರೆ ಲೀಕ್ ಜಾಸ್ತಿ, ಮೆಮೊರಿ ಏರ್ತಾ ಹೋಗತ್ತೆ. ಚಾನೆಲ್‌ಗೆ 1ರ ಬಫರ್ ಕೊಟ್ರೆ ಮುಗೀತು, ಯಾರೂ ತಗೊಳ್ದಿದ್ರೂ ಕಳಿಸಿ ಹೊರಟು ಹೋಗತ್ತೆ. ಟೈಮೌಟನ್ನ ಕಾಂಟೆಕ್ಸ್ಟಲ್ಲಿಟ್ಟು ಒಳಗಿನ ಕೆಲಸಕ್ಕೂ ಅದನ್ನೇ ದಾಟಿಸಿದ್ರೆ ಇನ್ನೂ ಉತ್ತಮ, ಬೇಡದ ಕೆಲಸಾನೇ ನಿಲ್ಲತ್ತೆ. ಅನುಮಾನ ಬಂದ್ರೆ ಗೋ ಜೊತೆ ಬರೋ ಪ್ರೊಫೈಲಿಂಗ್ ಟೂಲ್ ಪಿಪ್ರೊಫ್‌ನ ಗೋರೂಟೀನ್ ಪ್ರೊಫೈಲ್ ತೆಗ್ದು ನೋಡಿ, ಒಂದೇ ಸಾಲಲ್ಲಿ ಸಾವಿರಾರು ನಿಂತಿದ್ರೆ ಅಲ್ಲೇ ಸಿಕ್ಕಿಬೀಳತ್ತೆ.

ವೇಟ್‌ಗ್ರೂಪ್ (ಗೋರೂಟೀನ್‌ಗಳನ್ನ ಎಣಿಸಿ ಎಲ್ಲಾ ಮುಗಿಯೋ ತನಕ ಕಾಯೋಕೆ ಇರೋದು) ಬಳಸೋವಾಗ ಆ್ಯಡ್ ಅನ್ನ ಗೋರೂಟೀನ್ ಒಳಗೆ ಕರೀಬೇಡಿ, ಅದು ಓಡೋ ಮೊದ್ಲೇ ವೇಟ್ ಸೊನ್ನೆ ನೋಡಿ ಮುಂದಕ್ಕೆ ಹೋಗ್ಬಿಡಬಹುದು. ಶುರು ಮಾಡೋ ಮುಂಚೆ ಹೊರಗೆ ಕರೀರಿ. 2025ರಲ್ಲಿ ಬಂದ 1.25ರಲ್ಲಿ ವೇಟ್‌ಗ್ರೂಪಿಗೇ ಗೋ ಅನ್ನೋ ಮೆಥಡ್ ಸೇರಿಸಿದ್ದಾರೆ, ಆ್ಯಡ್, ಡನ್ ಎರಡನ್ನೂ ಅದೇ ನೋಡ್ಕೊಳ್ಳತ್ತೆ, ಹೊಸ ಕೋಡಿಗೆ ಅದೇ ಬಳಸಿ. ಎರರ್ ಕೂಡ ವಾಪಸ್ ಬೇಕು, ಒಂದ್ಸಲಕ್ಕೆ ಇಷ್ಟೇ ಓಡ್ಬೇಕು ಅನ್ನೋ ಮಿತಿನೂ ಬೇಕು ಅಂದ್ರೆ ಎರರ್‌ಗ್ರೂಪ್ ಪ್ಯಾಕೇಜ್ ಇದೆ, ಸ್ಟ್ಯಾಂಡರ್ಡ್ ಲೈಬ್ರರೀಲಿಲ್ಲ, ಗೋ ಟೀಮೇ ಬೇರೆ ಮಾಡ್ಯೂಲಾಗಿ ಇಟ್ಟಿದೆ.

ಚಾನೆಲ್ ಮುಚ್ಚೋದು ಯಾವಾಗ್ಲೂ ಕಳಿಸೋನ ಕೆಲಸ. ಮುಚ್ಚಿದ ಚಾನೆಲ್‌ಗೆ ಕಳಿಸಿದ್ರೆ ಪ್ಯಾನಿಕ್, ಮುಚ್ಚಿದ್ದನ್ನ ಮತ್ತೆ ಮುಚ್ಚಿದ್ರೂ ಪ್ಯಾನಿಕ್, ನಿಲ್ ಚಾನೆಲಿಂದ ಓದೋಕೆ ಹೋದ್ರೆ ಕಾಯ್ತಾನೇ ಇರ್ಬೇಕು. ಕಳಿಸೋರು ಹಲವರಿದ್ರೆ ಅವರೆಲ್ಲ ಮುಗಿಸೋದನ್ನ ವೇಟ್‌ಗ್ರೂಪಲ್ಲಿ ಕಾದು, ಆಮೇಲೆ ಒಂದೇ ಕಡೆ ಮುಚ್ಚಿ.

ಮರೆತು ಹೋಗೋ ಇನ್ನೆರಡು. ಒಂದು ಗೋರೂಟೀನ್‌ನಲ್ಲಿ ಆದ ಪ್ಯಾನಿಕ್ಕನ್ನ ಇನ್ನೊಂದ್ರಲ್ಲಿರೋ ರಿಕವರ್ ಹಿಡಿಯಲ್ಲ, ಇಡೀ ಪ್ರೋಗ್ರಾಮ್ ಮಲಗತ್ತೆ. ಮತ್ತೆ ಫಾರ್ ಲೂಪ್ ಒಳಗಿನ ಸೆಲೆಕ್ಟಲ್ಲಿ ಬ್ರೇಕ್ ಹಾಕಿದ್ರೆ ಹೊರಗೆ ಬರೋದು ಸೆಲೆಕ್ಟಿಂದ, ಲೂಪಿಂದ ಅಲ್ಲ. ಲೂಪಿಗೆ ಲೇಬಲ್ ಕೊಟ್ಟು ಬ್ರೇಕ್ ಮಾಡಿ, ಅಥವಾ ಆ ಭಾಗಾನೇ ಬೇರೆ ಫಂಕ್ಷನ್ ಮಾಡಿ ರಿಟರ್ನ್ ಹಾಕಿ.

ಹಂತ 6: ತೆರೆದದ್ದನ್ನ ಮುಚ್ಚಿ, ಡಿಫರ್ ಯಾವಾಗ ಓಡತ್ತೆ ಅಂತ ತಿಳ್ಕೊಂಡು ಮುಚ್ಚಿ

ಡಿಫರ್ (ಈ ಕೆಲಸ ಕೊನೇಲಿ ಮಾಡು ಅಂತ ಹೇಳಿಡೋದು) ಓಡೋದು ಫಂಕ್ಷನ್ ಮುಗಿದಾಗ, ಬ್ಲಾಕ್ ಮುಗಿದಾಗ ಅಲ್ಲ. ಲೂಪಲ್ಲಿ ಹತ್ತು ಸಾವಿರ ಫೈಲ್ ತೆರೆದು ಪ್ರತಿಯೊಂದಕ್ಕೂ ಡಿಫರ್ ಕ್ಲೋಸ್ ಹಾಕಿದ್ರೆ ಎಲ್ಲವೂ ಕೊನೇ ತನಕ ತೆರೆದೇ ಇರತ್ತೆ, ಮಧ್ಯದಲ್ಲೇ ಆಪರೇಟಿಂಗ್ ಸಿಸ್ಟಮ್ ಸಾಕು ನಿಲ್ಲಿಸು ಅನ್ನಬಹುದು. ಒಂದು ಫೈಲಿನ ಕೆಲಸವನ್ನ ಒಂದು ಚಿಕ್ಕ ಫಂಕ್ಷನ್ ಮಾಡಿ, ಡಿಫರ್ ಅದರೊಳಗಿರಲಿ.

ಡಿಫರ್‌ಗೆ ಕೊಟ್ಟ ಆರ್ಗ್ಯುಮೆಂಟ್ ಆ ಸಾಲು ಬಂದ ಕ್ಷಣವೇ ಲೆಕ್ಕ ಆಗೋಗಿರತ್ತೆ. ಎಷ್ಟು ಹೊತ್ತು ತಗೊಳ್ತು ಅಂತ ಅಳೆಯೋಕೆ ಡಿಫರ್ ಪ್ರಿಂಟ್ ಹಾಕಿ ಅದರ ಆರ್ಗ್ಯುಮೆಂಟಾಗಿ ಟೈಮ್ ಸಿನ್ಸ್ ಕೊಟ್ರೆ ಸದಾ ಸೊನ್ನೆ ಹತ್ರಾನೇ ಬರತ್ತೆ. ಹೆಸರಿಲ್ಲದ ಫಂಕ್ಷನ್ ಒಳಗೆ ಸುತ್ತಿ ಡಿಫರ್ ಮಾಡಿ. ಲಾಗ್ ಫೇಟಲ್ ಅಥವಾ ಓಎಸ್ ಎಕ್ಸಿಟ್ ಕರೆದ್ರಂತೂ ಡಿಫರ್ ಯಾವ್ದೂ ಓಡಲ್ಲ, ಅದಕ್ಕೇ ಅವನ್ನ ಮೇನ್ ಬಿಟ್ಟು ಬೇರೆಲ್ಲೂ ಬಳಸದೇ ಇರೋದು ಕ್ಷೇಮ.

ಎಚ್‌ಟಿಟಿಪಿ ರಿಕ್ವೆಸ್ಟ್ ಮಾಡಿದ್ಮೇಲೆ ಮೊದಲು ಎರರ್ ನೋಡಿ, ಆಮೇಲೆ ರೆಸ್ಪಾನ್ಸ್ ಬಾಡಿ ಕ್ಲೋಸ್‌ಗೆ ಡಿಫರ್ ಹಾಕಿ. ಉಲ್ಟಾ ಮಾಡಿದ್ರೆ ಎರರ್ ಬಂದಾಗ ರೆಸ್ಪಾನ್ಸ್ ನಿಲ್ ಆಗಿದ್ದು ಪ್ಯಾನಿಕ್ ಆಗತ್ತೆ. ಡೀಫಾಲ್ಟ್ ಎಚ್‌ಟಿಟಿಪಿ ಕ್ಲೈಂಟಿಗೆ ಒಟ್ಟಾರೆ ಟೈಮೌಟೇ ಇಲ್ಲ, ಆ ಕಡೆಯವರು ಉತ್ತರ ಕೊಡದಿದ್ರೆ ನೀವು ಕಾಯ್ತಾನೇ ಇರ್ತೀರಿ. ಸ್ವಂತ ಕ್ಲೈಂಟ್ ಒಂದ್ಸಲ ಮಾಡಿ, ಟೈಮೌಟ್ ಕೊಟ್ಟು, ಅದನ್ನೇ ಎಲ್ಲಾ ಕಡೆ ಬಳಸಿ. ಡೇಟಾಬೇಸ್ ರೋಸ್ (ಕ್ವೆರಿಗೆ ಬಂದ ಸಾಲುಗಳು) ಮೇಲೆ ಲೂಪ್ ಮುಗಿದ್ಮೇಲೆ ರೋಸ್ ಎರ್ ಕೇಳಿ, ಇಲ್ದಿದ್ರೆ ಮಧ್ಯದಲ್ಲಿ ಕನೆಕ್ಷನ್ ಹೋಗಿ ಅರ್ಧ ಡೇಟಾ ಬಂದಿದ್ರೂ ಪೂರ್ತಿ ಬಂತು ಅಂದ್ಕೋತೀರಿ. ಸಾಲು ಸಾಲಾಗಿ ಓದೋ ಬಫ್‌ಐಓ ಸ್ಕ್ಯಾನರಿಗೂ ಅದೇ, ಅದರ ಡೀಫಾಲ್ಟ್ ಮಿತಿ 64 ಕಿಲೋಬೈಟ್, ಒಂದು ಸಾಲು ಅದಕ್ಕಿಂತ ಉದ್ದ ಇದ್ರೆ ಲೂಪ್ ಸದ್ದಿಲ್ಲದೇ ನಿಲ್ಲತ್ತೆ, ಎರ್ ಕೇಳಿದ್ರೆ ಮಾತ್ರ ಕಾರಣ ಗೊತ್ತಾಗೋದು.

ಹಂತ 7: ಚಿಕ್ಕಪುಟ್ಟವು, ಆದ್ರೆ ಸಮಯ ತಿನ್ನೋವು

ಟೈಮ್ ಸ್ಲೀಪ್‌ಗೆ ಬರೀ 5 ಕೊಟ್ರೆ ಐದು ಸೆಕೆಂಡ್ ಅಲ್ಲ, ಐದು ನ್ಯಾನೋಸೆಕೆಂಡ್. ಟೈಮ್ ಸೆಕೆಂಡಿಂದ ಗುಣಿಸಿ. ದಿನಾಂಕದ ಫಾರ್ಮ್ಯಾಟ್ ಬರೆಯೋಕೆ ಗೋ ಒಂದು ವಿಚಿತ್ರ ದಾರಿ ಹಿಡಿದಿದೆ, ಮಾದರಿ ಯಾವಾಗ್ಲೂ 2006-01-02 15:04:05 ಆಗಿರ್ಬೇಕು. ತಿಂಗಳು 1, ತಾರೀಕು 2, ಮಧ್ಯಾಹ್ನ 3 ಗಂಟೆ, 4 ನಿಮಿಷ, 5 ಸೆಕೆಂಡ್, 6ನೇ ಇಸವಿ ಅಂತ ನೆನಪಿಟ್ಕೊಳ್ಳಿ. ಬೇರೆ ಯಾವ್ದೋ ತಾರೀಕು ಹಾಕಿದ್ರೆ ಎರರ್ ಬರಲ್ಲ, ಅರ್ಥವಿಲ್ಲದ ಔಟ್‌ಪುಟ್ ಬರತ್ತೆ. ನಂಗಂತೂ ಈ ಡಿಸೈನ್ ಇವತ್ತಿಗೂ ಇಷ್ಟ ಆಗಿಲ್ಲ.

ಸ್ಟ್ರಿಂಗ್‌ಗೆ ಲೆನ್ ಕೇಳಿದ್ರೆ ಬರೋದು ಬೈಟ್ ಲೆಕ್ಕ. "ಕನ್ನಡ" ಅನ್ನೋ ಸ್ಟ್ರಿಂಗಿಗೆ 15 ಬರತ್ತೆ, ರೂನ್ (ಯೂನಿಕೋಡ್ ಕೋಡ್ ಪಾಯಿಂಟ್) ಎಣಿಸಿದ್ರೆ 5, ಕಣ್ಣಿಗೆ ಕಾಣೋ ಅಕ್ಷರ 3. ಆದ್ರಿಂದ ಹೆಸರನ್ನ ಮೊದಲ ಇಷ್ಟು ಬೈಟಿಗೆ ಕತ್ತರಿಸೋ ಕೋಡ್ ಇಂಗ್ಲಿಷಲ್ಲಿ ಸರಿಯಾಗಿ ನಡೆದು ನಮ್ಮ ಲಿಪೀಲಿ ಕಸ ಉಗುಳತ್ತೆ, ರೂನ್ ಮೇಲೆ ಕತ್ತರಿಸಿದ್ರೂ ಒತ್ತಕ್ಷರ ಮುರಿಯೋ ಸಾಧ್ಯತೆ ಇದ್ದೇ ಇದೆ. ಟ್ರಿಮ್‌ರೈಟ್ ಮತ್ತು ಟ್ರಿಮ್‌ಸಫಿಕ್ಸ್ ಒಂದೇ ಅಲ್ಲ. "12300" ಮೇಲೆ "30" ಕೊಟ್ಟು ಟ್ರಿಮ್‌ರೈಟ್ ಮಾಡಿದ್ರೆ "12" ಉಳಿಯತ್ತೆ, ಅದು 3, 0 ಎರಡರಲ್ಲಿ ಯಾವ್ದು ಕಂಡ್ರೂ ತೆಗೀತಾ ಹೋಗತ್ತೆ. ಟ್ರಿಮ್‌ಸಫಿಕ್ಸ್ ಮುಟ್ಟೋದೇ ಇಲ್ಲ, ಕೊನೇಲಿ "30" ಹಾಗೇ ಪೂರ್ತಿ ಇದ್ರೆ ಮಾತ್ರ ತೆಗೆಯತ್ತೆ.

ಜೇಸನ್‌ನಲ್ಲಿ ಫೀಲ್ಡ್ ಹೆಸರು ಚಿಕ್ಕಕ್ಷರದಲ್ಲಿ ಶುರುವಾದ್ರೆ ಎನ್‌ಕೋಡರ್ ಅದನ್ನ ನೋಡೋದೇ ಇಲ್ಲ, ಎರರೂ ಕೊಡಲ್ಲ. ಸ್ಟ್ರಕ್ಟ್ ಇಲ್ಲದೇ ಖಾಲಿ ಇಂಟರ್‌ಫೇಸ್‌ಗೆ ಡಿಕೋಡ್ ಮಾಡಿದ್ರೆ ನಂಬರ್‌ಗಳೆಲ್ಲ ಫ್ಲೋಟ್64 ಆಗ್ತವೆ, 9007199254740993 ಅನ್ನೋ ಐಡಿ ಕೊನೇಲಿ 2 ಆಗಿ ಬರತ್ತೆ. ದೊಡ್ಡ ಐಡಿ ಇದ್ರೆ ಸ್ಟ್ರಕ್ಟಲ್ಲಿ ಇಂಟ್64 ಇಡಿ, ಅಥವಾ ಡಿಕೋಡರಲ್ಲಿ ಯೂಸ್‌ನಂಬರ್ ಆನ್ ಮಾಡಿ.

ಹಂತ 8: ಹಳೇ ಪ್ರಾಜೆಕ್ಟಿಗೆ ಇದನ್ನೆಲ್ಲ ಹಾಕೋದು ಹೇಗೆ

ಒಂದೇ ದಿನ ಎಲ್ಲಾ ಲಿಂಟರ್ ಆನ್ ಮಾಡಿದ್ರೆ ಸಾವಿರಾರು ವಾರ್ನಿಂಗ್ ಬಂದು ಟೀಮಲ್ಲಿ ಯಾರೂ ನೋಡದೇ ಆಫ್ ಮಾಡ್ತಾರೆ. ಮೊದ್ಲು ಸಿಐನಲ್ಲಿ ರೇಸ್ ಫ್ಲ್ಯಾಗ್ ಇರೋ ಟೆಸ್ಟ್ ಮತ್ತು ವೆಟ್ ಮಾತ್ರ ಹಾಕಿ, ಅವು ಹೇಳಿದ್ದನ್ನ ಬಹುತೇಕ ಸರಿ ಮಾಡ್ಲೇಬೇಕು. ಆಮೇಲೆ ಗೋಲಾಂಗ್‌ಸಿಐ ಲಿಂಟನ್ನ ಹೊಸದಾಗಿ ಬದಲಾದ ಸಾಲುಗಳಿಗೆ ಮಾತ್ರ ಓಡೋ ಹಾಗೆ ಸೆಟ್ ಮಾಡಿ, ಹಳೇದನ್ನ ಕೈ ಹಾಕಿದಾಗ ಸರಿ ಮಾಡ್ತಾ ಹೋಗ್ಬಹುದು. ಗೋ ಮಾಡ್ ವರ್ಶನ್ ಸಾಲನ್ನ 1.22ಕ್ಕೆ ಏರಿಸೋದನ್ನ ಬೇರೆ ಯಾವ ಬದಲಾವಣೆ ಜೊತೇಲೂ ಸೇರಿಸದೇ ಒಂದೇ ಒಂದು ಕಮಿಟಾಗಿ ಮಾಡಿ, ಲೂಪಿನ ಹಳೇ ನಡವಳಿಕೆ ಮೇಲೆ ಯಾವ್ದಾದ್ರೂ ಟೆಸ್ಟ್ ಕೂತಿದ್ರೆ ಅಲ್ಲೇ ಬಿದ್ದು ಗೊತ್ತಾಗತ್ತೆ, ಬೇಕಾದ್ರೆ ಅದೊಂದನ್ನೇ ವಾಪಸ್ ತೆಗೀಬಹುದು.